ಫ್ಯಾಕ್ಟರಿ ಊರಿಗೆ ಹೋಗಿದೆ: ಚೀನಾದ ಹೊಸವರ್ಷ ಮತ್ತು ನಮ್ಮ ಬೋರ್ಡಿನ ಲೆಕ್ಕ

ಚೀನಾದಿಂದ ಪಿಸಿಬಿ ತರಿಸೋರು ನಮ್ಮ ಕ್ಯಾಂಪಸ್ಸಿನಲ್ಲಿ ಕಡಿಮೆ ಏನಿಲ್ಲ. ರೋಬೋಟಿಕ್ಸ್ ಟೀಮು, ಡ್ರೋನ್ ಟೀಮು, ಫೈನಲ್ ಇಯರ್ ಪ್ರಾಜೆಕ್ಟಿನೋರು, ಎಲ್ಲರೂ ಗರ್ಬರ್ ಫೈಲ್ ಅಪ್‌ಲೋಡ್ ಮಾಡಿ, ದುಡ್ಡು ಕಟ್ಟಿ, ಟ್ರ್ಯಾಕಿಂಗ್ ನಂಬರ್ ನೋಡ್ತಾ ಕೂರ್ತೀವಿ. ವರ್ಷದಲ್ಲಿ ಹತ್ತು-ಹನ್ನೊಂದು ತಿಂಗಳು ಇದು ಸಲೀಸಾಗಿ ನಡೆಯತ್ತೆ. ಜನವರಿ ಕೊನೆಗೋ ಫೆಬ್ರವರಿಯಲ್ಲೋ ಮಾತ್ರ ವೆಬ್‌ಸೈಟಿನ ನೆತ್ತಿ ಮೇಲೆ ಕೆಂಪು ಲಾಟೀನಿನ ಚಿತ್ರ ಬರತ್ತೆ, ಪಕ್ಕದಲ್ಲಿ ರಜೆಯ ತಾರೀಖುಗಳು. ಅದೇ ಹೊತ್ತಿಗೆ ಎಸ್‌ಪಿ ರೋಡಿಗೆ ಹೋಗಿ ಯಾವುದೋ ಸೆನ್ಸರ್ ಮಾಡ್ಯೂಲ್ ಕೇಳಿದ್ರೆ "ಚೈನಾ ಬಂದ್ ಇದೆ, ಮುಂದಿನ ತಿಂಗಳು ಬನ್ನಿ" ಅನ್ನೋ ಉತ್ತರ. ನಮ್ಮ ಹತ್ತು ಬೋರ್ಡಿನ ಗತಿಯೇ ಹೀಗಾದ್ರೆ, ಪೀಣ್ಯದಲ್ಲಿ ತಿಂಗಳಿಗೆ ಸಾವಿರಾರು ಬೋರ್ಡು ಜೋಡಿಸೋ ಸಣ್ಣ ಫ್ಯಾಕ್ಟರಿಯ ಗತಿ ಏನು? ಅವರು ಈ ರಜೆಯನ್ನ ಹೇಗೆ ಲೆಕ್ಕ ಹಾಕ್ತಾರೆ? ನಮ್ಮ ಸಿಲಬಸ್ಸಿನಲ್ಲಿ ಇದಕ್ಕೆ ಜಾಗ ಇಲ್ಲ, ಅದಕ್ಕೇ ಈ ಲೇಖನ.

ಮೊದಲು ತಾರೀಖಿನ ವಿಷಯ. ಚೀನಾದ ಹೊಸವರ್ಷ ಅಥವಾ ವಸಂತ ಹಬ್ಬ ಪ್ರತಿವರ್ಷ ಬೇರೆ ಬೇರೆ ದಿನ ಬರತ್ತೆ, ಆದರೆ ಸುಮ್ಮನೆ ಎಲ್ಲೆಲ್ಲೋ ಬೀಳಲ್ಲ. ಜನವರಿ 21ರಿಂದ ಫೆಬ್ರವರಿ 20ರ ಒಳಗೆ ಬರೋ ಒಂದು ಅಮಾವಾಸ್ಯೆಯ ದಿನ ಅದು. ನಮ್ಮ ಯುಗಾದಿ ಹೇಗೆ ಚಾಂದ್ರಮಾನವೋ ಹಾಗೇ ಅವರದ್ದೂ ಚಂದ್ರನ ತಿಂಗಳು, ಸೂರ್ಯನ ವರ್ಷ ಎರಡನ್ನೂ ಜೊತೆಗೆ ಎಳ್ಕೊಂಡು ಹೋಗೋ ಪಂಚಾಂಗ. ಹನ್ನೆರಡು ಚಾಂದ್ರಮಾಸ ಅಂದ್ರೆ 354 ದಿನ; ವರ್ಷಕ್ಕೆ ಹನ್ನೊಂದು ದಿನ ಕಮ್ಮಿ ಬೀಳತ್ತೆ. ಆ ಬಾಕಿ ತೀರಿಸೋಕೆ ನಾವು ಅಧಿಕ ಮಾಸ ಇಟ್ಕೊಂಡಿದ್ದೀವಿ, ಅವರೂ ಇಟ್ಕೊಂಡಿದ್ದಾರೆ. ಅವರಿಗೆ 2025ರಲ್ಲಿ ಆರನೇ ತಿಂಗಳು ಎರಡು ಸಲ ಬಂತು. ನಮಗೆ 2026ರಲ್ಲಿ ಅಧಿಕ ಜ್ಯೇಷ್ಠ. ಅದರ ಪರಿಣಾಮ ನೋಡಿ: 2025ರಲ್ಲಿ ಅವರ ಹಬ್ಬ ಜನವರಿ 29, ನಮ್ಮ ಯುಗಾದಿ ಮಾರ್ಚ್ 30, ನಡುವೆ ಎರಡು ತಿಂಗಳು. 2026ರಲ್ಲಿ ಅವರದ್ದು ಫೆಬ್ರವರಿ 17ಕ್ಕೆ ಜಾರಿತು, ನಮ್ಮದು ಮಾರ್ಚ್ 19ಕ್ಕೇ ಬಂತು, ನಡುವೆ ಒಂದೇ ತಿಂಗಳು. ಅಂದ್ರೆ ಮನೆಯಲ್ಲಿ ಗೋಡೆಗೆ ತೂಗುಹಾಕಿರೋ ಪಂಚಾಂಗದ ಕ್ಯಾಲೆಂಡರ್ ನೋಡಿದ್ರೂ ಶೆನ್ಝೆನ್ ಯಾವಾಗ ಬಾಗಿಲು ಹಾಕತ್ತೆ ಅಂತ ಹೆಚ್ಚುಕಮ್ಮಿ ಹೇಳಬಹುದು: ಜನವರಿ 21ರ ನಂತರದ ಮೊದಲ ಅಮಾವಾಸ್ಯೆ ಹುಡುಕಿದ್ರೆ ಸಾಕು.

ಒಂದು ಸಣ್ಣ ತಮಾಷೆ. ವಿಯೆಟ್ನಾಮಿನ ಟೆಟ್ ಹಬ್ಬವೂ ಇದೇ ಲೆಕ್ಕ, ಆದರೆ ಹನೋಯ್ ಗಡಿಯಾರ ಬೀಜಿಂಗಿಗಿಂತ ಒಂದು ಗಂಟೆ ಹಿಂದೆ. 2007ರಲ್ಲಿ ಅಮಾವಾಸ್ಯೆಯ ಕ್ಷಣ ಬೀಜಿಂಗಿನಲ್ಲಿ ಮಧ್ಯರಾತ್ರಿ ದಾಟಿ ಕೆಲವೇ ನಿಮಿಷಕ್ಕೆ ಬಂತು, ಹನೋಯ್‌ನಲ್ಲಿ ಇನ್ನೂ ಹನ್ನೊಂದು ಚಿಲ್ಲರೆ. ಹಾಗಾಗಿ ಆ ವರ್ಷ ವಿಯೆಟ್ನಾಮಿಗೆ ಹಬ್ಬ ಫೆಬ್ರವರಿ 17, ಚೀನಾಗೆ 18. ನಮಗೆ ಇಲ್ಲಿ ಬೇಕಾಗಿರೋ ವಿಷಯ ಏನಂದ್ರೆ, "ಚೀನಾ ಮುಚ್ಚಿದ್ರೆ ವಿಯೆಟ್ನಾಮಿಂದ ತರಿಸೋಣ" ಅನ್ನೋ ಐಡಿಯಾ ಈ ಒಂದು ತಿಂಗಳು ನಡೆಯಲ್ಲ. ತೈವಾನ್, ಕೊರಿಯಾ ಕೂಡ ಇದೇ ಅಮಾವಾಸ್ಯೆಗೆ ಮನೆಗೆ ಹೋಗ್ತವೆ. ಜಪಾನ್ ಮಾತ್ರ 1873ರಲ್ಲೇ ಇಂಗ್ಲಿಷ್ ಕ್ಯಾಲೆಂಡರಿಗೆ ಬಂದಿರೋದರಿಂದ ಅವರ ಹೊಸವರ್ಷ ಜನವರಿ 1. ಅವರ ದೊಡ್ಡ ರಜೆಗಳು ಏಪ್ರಿಲ್ ಕೊನೆ-ಮೇ ಮೊದಲ ವಾರ ಮತ್ತು ಆಗಸ್ಟ್ ಮಧ್ಯದ ಒಬೋನ್. ಚೀನಾಗೆ ಅಕ್ಟೋಬರ್ 1ರಿಂದ ಇನ್ನೊಂದು ವಾರದ ರಜೆ ಇದೆ, ರಾಷ್ಟ್ರೀಯ ದಿನದ್ದು. ಅದು ಒಂದು ವಾರ ಅಂದ್ರೆ ಹೆಚ್ಚುಕಮ್ಮಿ ಒಂದೇ ವಾರ. ಹೊಸವರ್ಷದ ರಜೆ ಹಾಗಲ್ಲ.

ಎಂಟು ದಿನದ ರಜೆ ಒಂದು ತಿಂಗಳು ಆಗೋದು ಹೇಗೆ

ಸರ್ಕಾರದ ಪ್ರಕಾರ 2025ರಲ್ಲಿ ರಜೆ ಜನವರಿ 28ರಿಂದ ಫೆಬ್ರವರಿ 4ರವರೆಗೆ, ಎಂಟು ದಿನ. 2026ರಲ್ಲಿ ಒಂಬತ್ತು. (ಅದರಲ್ಲೂ ಮೋಸ ಇದೆ, ಮುಂಚಿನ-ನಂತರದ ಶನಿವಾರ ಭಾನುವಾರ ಕೆಲಸ ಮಾಡಿಸಿ ಆ ದಿನಗಳನ್ನ ಹೊಂದಿಸ್ತಾರೆ. ನಮ್ಮ ಕಾಲೇಜಿನ ಕಾಂಪೆನ್ಸೇಟರಿ ಕ್ಲಾಸ್ ಇದ್ದಂಗೆ.) ಆದರೆ ಫ್ಯಾಕ್ಟರಿಯೋರನ್ನ ಕೇಳಿದ್ರೆ ಎರಡರಿಂದ ನಾಲ್ಕು ವಾರ ಅಂತಾರೆ. ಈ ವ್ಯತ್ಯಾಸ ಎಲ್ಲಿಂದ ಬರತ್ತೆ ಅನ್ನೋದೇ ಇಡೀ ವಿಷಯದ ತಿರುಳು.

ಚೀನಾದಲ್ಲಿ ಊರು ಬಿಟ್ಟು ಕೆಲಸಕ್ಕೆ ಬಂದಿರೋ ಗ್ರಾಮೀಣ ಕಾರ್ಮಿಕರು ಸುಮಾರು 30 ಕೋಟಿ ಜನ. ಶೆನ್ಝೆನ್, ಡೊಂಗ್ಗುವಾನ್ ಕಡೆ ಎಸ್‌ಎಂಟಿ ಲೈನಿನಲ್ಲಿ ನಿಂತಿರೋ ಹುಡುಗಿಯ ಊರು ಹುನಾನ್ ಇರಬಹುದು, ಸಿಚುವಾನ್ ಇರಬಹುದು. ಅಲ್ಲಿನ ಹುಕೌ ಅನ್ನೋ ನೋಂದಣಿ ಪದ್ಧತಿಯಿಂದಾಗಿ ಎಷ್ಟೋ ಜನಕ್ಕೆ ಮಕ್ಕಳನ್ನ ಕೆಲಸದ ಊರಿನ ಸ್ಕೂಲಿಗೆ ಸೇರಿಸೋದು ಕಷ್ಟ. ಮಕ್ಕಳು ಅಜ್ಜಿ ತಾತನ ಹತ್ರ ಹಳ್ಳಿಯಲ್ಲಿ ಬೆಳೀತಾರೆ. ಅಪ್ಪ ಅಮ್ಮ ಮಗೂನ ನೋಡೋದು ವರ್ಷಕ್ಕೆ ಒಂದು ಸಲ, ಈ ಹಬ್ಬಕ್ಕೆ. ಹಾಗಾಗಿ ಹಬ್ಬಕ್ಕೆ ಹದಿನೈದು ದಿನ ಮುಂಚಿನಿಂದಲೇ ಪ್ರಯಾಣ ಶುರು. ಇದಕ್ಕೆ ಚುನ್‌ಯುನ್ ಅಂತ ಹೆಸರೇ ಇದೆ, ನಲವತ್ತು ದಿನದ ಓಡಾಟ. 2025ರ ಆ ನಲವತ್ತು ದಿನದಲ್ಲಿ ಕಾರು, ರೈಲು, ವಿಮಾನ ಎಲ್ಲ ಸೇರಿ ಸುಮಾರು 900 ಕೋಟಿ ಪ್ರಯಾಣ ಆಗಿದೆ ಅಂತ ಅಲ್ಲಿನ ಸರ್ಕಾರದ ಲೆಕ್ಕ. ಗುವಾಂಗ್‌ಡಾಂಗ್‌ನಿಂದ ಪಕ್ಕದ ಗುವಾಂಗ್‌ಶಿಗೆ ಚಳಿಯಲ್ಲಿ ಬೈಕಿನಲ್ಲೇ ಗುಂಪು ಗುಂಪಾಗಿ ಹೋಗೋರೂ ಇದ್ದರು.

"ಅದೇನ್ ಒಂದು ತಿಂಗಳು ರಜಾ ತಗೋತಾರಪ್ಪ" ಅಂತ ಗೊಣಗೋದು ಸುಲಭ. ದೀಪಾವಳಿ ಹಿಂದಿನ ರಾತ್ರಿ ಮೆಜೆಸ್ಟಿಕ್ಕಿಗೆ ಹೋಗಿ ನೋಡಿದೋರು ಗೊಣಗಲ್ಲ. ಪೀಣ್ಯದಲ್ಲಿ ಕೆಲಸ ಮಾಡೋ ರಾಯಚೂರು, ಕಲಬುರಗಿ ಕಡೆಯೋರು ಊರ ಜಾತ್ರೆಗೆ ಹೊರಟ್ರೆ ಸೂಪರ್‌ವೈಸರ್ ತಡೆಯೋಕಾಗತ್ತಾ? ಬಿಹಾರದೋರು ಛಠ್ ಪೂಜೆಗೆ ಹೋದ್ರೆ? ಅಲ್ಲಿ ಅದೇ ಆಗೋದು, ಆದರೆ ಎಲ್ಲರ ಜಾತ್ರೆಯೂ ಒಂದೇ ದಿನ.

ಈಗ ಫ್ಯಾಕ್ಟರಿ ಒಳಗೆ ಬನ್ನಿ. ಟಿಕೆಟ್ ಸಿಕ್ಕ ದಿನ ಹೊರಡೋದರಿಂದ ಹಬ್ಬಕ್ಕೆ ಹತ್ತು-ಹನ್ನೆರಡು ದಿನ ಮುಂಚೆಯೇ ಲೈನಿನಲ್ಲಿ ಜನ ತೆಳ್ಳಗಾಗ್ತಾರೆ. ಉಳಿದೋರ ಮೇಲೆ ಬಾಕಿ ಆರ್ಡರಿನ ಒತ್ತಡ. ಹಬ್ಬ ಆದಮೇಲೆ ಎಂಟನೇ ದಿನ ಬಾಗಿಲು ತೆಗೆಯೋದು ತುಂಬ ಕಡೆ ರೂಢಿ, ಎಂಟು ಅವರಿಗೆ ಅದೃಷ್ಟದ ಸಂಖ್ಯೆ. ಪಟಾಕಿ ಹೊಡೆದು ಬಂದ ಕೆಲಸಗಾರರಿಗೆ ಕೆಂಪು ಲಕೋಟೆಯಲ್ಲಿ ದುಡ್ಡು ಕೊಡ್ತಾರೆ. ಇನ್ನು ಕೆಲವರು ಹದಿನೈದನೇ ದಿನದ ಲಾಟೀನು ಹಬ್ಬ ಮುಗಿಸೇ ಬರೋದು. ವರ್ಷದ ಬೋನಸ್ ಹಬ್ಬಕ್ಕೆ ಮುಂಚೆ ಕೈಗೆ ಬಂದಿರೋದರಿಂದ ಕೆಲಸ ಬದಲಾಯಿಸೋರು ಬದಲಾಯಿಸೋದೂ ಇದೇ ಹೊತ್ತಿಗೆ. ಒಂದಷ್ಟು ಜನ ವಾಪಸ್ ಬರೋದೇ ಇಲ್ಲ. ಅವರ ಜಾಗಕ್ಕೆ ಹೊಸಬರು, ಅವರಿಗೆ ಟ್ರೇನಿಂಗು, ಆ ವಾರಗಳಲ್ಲಿ ರಿಜೆಕ್ಷನ್ ಜಾಸ್ತಿ.

ನಾವು ಎಲೆಕ್ಟ್ರಾನಿಕ್ಸ್ ಹುಡುಗರು ಇದನ್ನ ಆರ್‌ಸಿ ಸರ್ಕಿಟ್ ಥರ ನೋಡಬಹುದು. ಸರ್ಕಾರದ ರಜೆ ಒಂದು ಚೌಕ ಪಲ್ಸ್; ಫ್ಯಾಕ್ಟರಿಯ ಔಟ್‌ಪುಟ್ ಚೌಕವಾಗಿರಲ್ಲ. ಸ್ವಿಚ್ ಹಾಕಿದ ತಕ್ಷಣ ಕೆಪಾಸಿಟರ್ ತುಂಬಲ್ವಲ್ಲ, ಹಾಗೆ ನಿಧಾನಕ್ಕೆ ಏರತ್ತೆ. ವ್ಯತ್ಯಾಸ ಏನಂದ್ರೆ ಇಲ್ಲಿ ಸ್ವಿಚ್ ಆಫ್ ಮಾಡೋ ಮುಂಚೆಯೇ ಔಟ್‌ಪುಟ್ ಇಳಿಯೋಕೆ ಶುರುವಾಗಿರತ್ತೆ.

ಎಲ್ಲಾ ಭಾಗಗಳಿಗೂ ಇದು ಒಂದೇ ಥರ ತಟ್ಟಲ್ಲ, ಇದು ನಮಗೆ ಓದ್ತಾ ಆಶ್ಚರ್ಯ ಅನ್ನಿಸಿದ ವಿಷಯ. ಚಿಪ್ ತಯಾರಿಸೋ ಫ್ಯಾಬ್‌ಗಳು ಹಬ್ಬಕ್ಕೂ ನಿಲ್ಲಲ್ಲ. ಕ್ಲೀನ್ ರೂಮು, ಫರ್ನೇಸು ಆರಿಸಿ ಮತ್ತೆ ಹಚ್ಚೋದು ದುಬಾರಿ, ಅಲ್ಲಿ ಜನರೂ ಕಡಿಮೆ, ಶಿಫ್ಟ್ ಹಾಕ್ಕೊಂಡು ವರ್ಷಪೂರ್ತಿ ಓಡಿಸ್ತಾರೆ. ಕೈಗೆ ಕೈ ಸೇರಬೇಕಾದ ಕೆಲಸಗಳೇ ನಿಲ್ಲೋದು: ವೈರ್ ಹಾರ್ನೆಸ್ ಕಟ್ಟೋದು, ಟ್ರಾನ್ಸ್‌ಫಾರ್ಮರ್ ಸುತ್ತೋದು, ಪ್ಲಾಸ್ಟಿಕ್ ಡಬ್ಬಿ, ಬೋರ್ಡ್ ಜೋಡಣೆ, ಕೊನೆಗೆ ಪ್ಯಾಕಿಂಗಿನ ರಟ್ಟಿನ ಪೆಟ್ಟಿಗೆ. ಬೋರ್ಡಿನಲ್ಲಿ ನೂರು ಥರದ ಭಾಗ ಇದ್ದು ತೊಂಬತ್ತೊಂಬತ್ತು ಬಂದಿದ್ರೂ, ನಾಲ್ಕು ರೂಪಾಯಿಯ ಕನೆಕ್ಟರ್ ಬಂದಿಲ್ಲ ಅಂದ್ರೆ ಬೋರ್ಡ್ ಆಗಲ್ಲ. ಅದರ ಮೇಲೆ ಸಪ್ಲೈಯರಿಗೊಬ್ಬ ಸಪ್ಲೈಯರ್. ಪಿಸಿಬಿ ಫ್ಯಾಕ್ಟರಿ ಹತ್ತನೇ ತಾರೀಖು ತೆಗೆದರೂ, ಅವರಿಗೆ ತಾಮ್ರದ ಹಾಳೆ ಅಂಟಿಸಿದ ಲ್ಯಾಮಿನೇಟ್ ಕೊಡೋನು ಹದಿನೆಂಟಕ್ಕೆ ತೆಗೆದ್ರೆ, ನಿಮ್ಮ ಲೆಕ್ಕಕ್ಕೆ ಹದಿನೆಂಟೇ.

ಮೂರು ದಿನದ ಬೆಲೆ

ಈಗ ಒಂದು ಲೆಕ್ಕ ಮಾಡೋಣ. ಯುನಿಟ್ ಕಾಲ್ಪನಿಕ, ಸಂಖ್ಯೆಗಳು ನಾವು ಹಾಕಿದ್ದು, ತಾರೀಖು ಮಾತ್ರ ನಿಜ. ಪೀಣ್ಯದ ಒಂದು ಸಣ್ಣ ಯುನಿಟ್ಟು ಬೋರ್‌ವೆಲ್ ಪಂಪ್‌ಸೆಟ್ಟಿನ ಮೊಬೈಲ್ ಸ್ಟಾರ್ಟರ್ ಮಾಡತ್ತೆ ಅಂತ ಇಟ್ಕೊಳ್ಳಿ. ಹಳ್ಳಿ ಕಡೆಯಿಂದ ಬಂದಿರೋರಿಗೆ ಇದನ್ನ ವಿವರಿಸಬೇಕಿಲ್ಲ: ತ್ರೀ ಫೇಸ್ ಕರೆಂಟು ರಾತ್ರಿ ಎರಡಕ್ಕೆ ಬಂದ್ರೆ ಕತ್ತಲಲ್ಲಿ ಹಾವು ಚೇಳಿನ ನಡುವೆ ತೋಟಕ್ಕೆ ಹೋಗೋ ಬದಲು ಹಾಸಿಗೆಯಿಂದಲೇ ಫೋನ್ ಮಾಡಿ ಮೋಟಾರ್ ಹಾಕೋ ಡಬ್ಬಿ. ಇದಕ್ಕೆ ಬೇಡಿಕೆ ಬೇಸಿಗೆಯಲ್ಲಿ. ಯುನಿಟ್ಟು ದಿನಕ್ಕೆ 50 ಡಬ್ಬಿ ಮಾಡತ್ತೆ, ಒಳಗಿನ ಜೋಡಿಸಿದ ಬೋರ್ಡ್ ಶೆನ್ಝೆನ್‌ನಿಂದ ಬರತ್ತೆ. ಮಾರ್ಚ್ 1, 2027ಕ್ಕೆ ಹೊಸ ಲಾಟ್ ಬೇಕು.

ಮಾಮೂಲಿ ದಿನಗಳ ಲೆಕ್ಕ: ಬೋರ್ಡ್ ತಯಾರಿಕೆ, ಜೋಡಣೆ, ಟೆಸ್ಟಿಂಗ್ ಸೇರಿ ಮೂರು ವಾರ, ಬಂದರಿಗೆ ಸಾಗಿಸಿ ಹಡಗು ಹತ್ತಿಸೋಕೆ 5 ದಿನ, ಚೆನ್ನೈಗೆ ಸಮುದ್ರದಲ್ಲಿ 20 ದಿನ, ಕಸ್ಟಮ್ಸ್ ಮತ್ತು ಲಾರಿಗೆ 7 ದಿನ. ಒಟ್ಟು 53 ದಿನ. ಮಾರ್ಚ್ 1ರಿಂದ ಹಿಂದಕ್ಕೆ ಎಣಿಸಿದ್ರೆ ಜನವರಿ 7ಕ್ಕೆ ಆರ್ಡರ್ ಹಾಕಬೇಕು. ಕಾಗದದ ಮೇಲೆ ಇದು ಕೂತುಬಿಡತ್ತೆ: ಜನವರಿ 28ಕ್ಕೆ ಕೆಲಸ ಮುಗೀತು, ಫೆಬ್ರವರಿ 2ಕ್ಕೆ ಹಡಗು, 22ಕ್ಕೆ ಚೆನ್ನೈ, ಮಾರ್ಚ್ 1ಕ್ಕೆ ಪೀಣ್ಯ. ಹಬ್ಬ ಫೆಬ್ರವರಿ 6. ನಾಲ್ಕು ದಿನ ಉಳೀತಲ್ಲ, ಸಾಕು ಅನ್ನಿಸತ್ತೆ.

ಆದರೆ ಜನವರಿ 7ಕ್ಕೆ ಆರ್ಡರ್ ಹಾಕ್ತಿರೋದು ನಾವೊಬ್ಬರೇ ಅಲ್ಲ, ಪ್ರಪಂಚದಲ್ಲಿರೋ ಎಲ್ಲರೂ ಹಬ್ಬಕ್ಕೆ ಮುಂಚೆ ಮಾಲು ಎತ್ತೋಕೆ ನೋಡ್ತಿರ್ತಾರೆ. ಸಾಲು ಉದ್ದ, ಜನ ಕಮ್ಮಿ. ಫ್ಯಾಕ್ಟರಿಯ ಕೊನೇ ದಿನ ಜನವರಿ 28 ಅಂತ ಇಟ್ಕೊಳ್ಳಿ, ನಮ್ಮ ಕೆಲಸ ಬರೀ ಮೂರು ದಿನದಷ್ಟು ಬಾಕಿ ಉಳೀತು. ಜನವರಿ 31ಕ್ಕೆ ಮುಗಿಯಲ್ಲ ಅದು. ಲಾಟೀನು ಹಬ್ಬ ಫೆಬ್ರವರಿ 20, ಶನಿವಾರ. ಬಾಗಿಲು ತೆಗೆಯೋದು ಸೋಮವಾರ 22. ಮೊದಲ ವಾರ ಅರ್ಧ ಜನ, ಹಳೇ ಬಾಕಿ ಬೆಟ್ಟದಷ್ಟು, ಮೂರು ದಿನದ ಕೆಲಸಕ್ಕೆ ಒಂದು ವಾರ ಹಿಡಿದು ಮಾರ್ಚ್ 1. ಅಲ್ಲಿಂದ 32 ದಿನ ಸಾಗಣೆ. ಮಾಲು ಪೀಣ್ಯಕ್ಕೆ ಬರೋದು ಏಪ್ರಿಲ್ 2.

ಮೂರು ದಿನ ತಡವಾಗಿದ್ದಕ್ಕೆ 32 ದಿನ ದಂಡ. ರಾತ್ರಿ ಊರಿನ ಕೊನೇ ಬಸ್ಸು ಐದು ನಿಮಿಷಕ್ಕೆ ತಪ್ಪಿದ್ರೆ ನಾವು ಮನೆಗೆ ಐದು ನಿಮಿಷ ತಡವಾಗಿ ಹೋಗಲ್ಲ, ಬೆಳಿಗ್ಗೆ ಮೊದಲ ಬಸ್ಸಿಗೆ ಹೋಗ್ತೀವಿ. ಪ್ಲಾನಿಂಗಿನಲ್ಲಿ ಇದು ಬಹಳ ಜನಕ್ಕೆ ತಲೆಗೆ ಹೋಗದ ಜಾಗ, ಯಾಕಂದ್ರೆ ನಾವು ತಡ ಅನ್ನೋದನ್ನ ಯಾವಾಗಲೂ ಸರಳರೇಖೆ ಅಂದ್ಕೊಂಡಿರ್ತೀವಿ. ಇನ್ನೊಂದು ವಿಷಯ ಗಮನಿಸಿ: ಅಲ್ಲಿ ನಿಂತಿದ್ದು ಫೆಬ್ರವರಿಯಲ್ಲಿ, ಇಲ್ಲಿ ಲೈನು ಖಾಲಿಯಾಗೋದು ಮಾರ್ಚಿನಲ್ಲಿ. ಫೆಬ್ರವರಿಯಲ್ಲಿ ಹಡಗಿನಲ್ಲಿರೋ ಹಳೇ ಮಾಲು ಇಳೀತಾನೇ ಇರತ್ತೆ, ಎಲ್ಲಾ ಸರಿಯಿದೆ ಅನ್ನಿಸತ್ತೆ. ಹಬ್ಬದ ನಂತರ ತುಂಬೋಕೆ ಸರಕಿಲ್ಲ ಅಂತ ಹಡಗು ಕಂಪನಿಗಳು ಕೆಲವು ಸರದಿಗಳನ್ನೇ ರದ್ದು ಮಾಡ್ತವೆ, ಆಗ ಇನ್ನೊಂದಷ್ಟು ದಿನ ಸೇರಿಕೊಳ್ಳತ್ತೆ.

ಮಾರ್ಚ್ 1ರಿಂದ ಏಪ್ರಿಲ್ 1ರವರೆಗೆ ಭಾನುವಾರ ಬಿಟ್ಟು 28 ಕೆಲಸದ ದಿನ. ದಿನಕ್ಕೆ 50ರಂತೆ 1,400 ಡಬ್ಬಿ ಆಗಲಿಲ್ಲ. ಆ 1,400 ಬೋರ್ಡನ್ನ ಡಿಸೆಂಬರಿನಲ್ಲೇ ತರಿಸಿ ಇಟ್ಕೊಂಡಿದ್ರೆ? ಬೋರ್ಡಿಗೆ 600 ರೂಪಾಯಿ ಅಂದ್ರೆ 8,40,000 ರೂಪಾಯಿ ಗೋಡೌನಿನಲ್ಲಿ ಕೂತಿರತ್ತೆ. ವರ್ಷಕ್ಕೆ 12% ಬಡ್ಡಿ ಹಿಡಿದ್ರೆ ಎರಡು ತಿಂಗಳಿಗೆ 16,800. ಇದನ್ನ ಕ್ಲಾಸಿನಲ್ಲಿ ಕೊಟ್ರೆ ಎಲ್ಲರೂ "ಹದಿನೇಳು ಸಾವಿರಕ್ಕೆ ಯೋಚನೆ ಮಾಡೋದೇನಿದೆ, ಸ್ಟಾಕ್ ಮಾಡಿ" ಅಂತಾರೆ. ನಾವೂ ಮೊದಲು ಹಾಗೇ ಅಂದ್ವಿ. ಆದರೆ ಇಪ್ಪತ್ತು ಜನರ ಯುನಿಟ್ಟಿಗೆ ಕಷ್ಟ ಬಡ್ಡಿಯದ್ದಲ್ಲ, ಎಂಟು ಲಕ್ಷ ನಗದಿನದ್ದು. ಅದು ಎರಡು ತಿಂಗಳ ಸಂಬಳದ ದುಡ್ಡು ಇರಬಹುದು. ಡೀಲರ್‌ಗಳು ದುಡ್ಡು ಕೊಡೋದು ಬೇಸಿಗೆ ಮಾರಾಟ ಆದಮೇಲೆ. ಚೀನಾದ ಸಪ್ಲೈಯರ್ ಆರ್ಡರಿಗೆ ಮುಂಗಡ ಕೇಳ್ತಾನೆ, ಉಳಿದದ್ದು ಹಡಗು ಹತ್ತಿಸೋ ಮುಂಚೆ. ಹಬ್ಬ ಹತ್ರ ಬಂದಾಗ ಅವನೂ ತನ್ನ ಕೆಲಸಗಾರರಿಗೆ ಬೋನಸ್ ಕೊಡಬೇಕು, ಹಾಗಾಗಿ ಹಳೇ ಬಾಕಿ ಚುಕ್ತಾ ಮಾಡಿದೋರ ಕೆಲಸವೇ ಮೊದಲು ಲೈನಿಗೆ ಹೋಗತ್ತೆ. ದೊಡ್ಡ ಕಂಪನಿಗಳು ತಿಂಗಳುಗಳ ಮುಂಚೆಯೇ ಲೈನು ಬುಕ್ ಮಾಡಿರ್ತವೆ. ಹಬ್ಬದ ನಂತರ ಮೊದಲು ಯಾರ ಬೋರ್ಡು ಓಡತ್ತೆ ಅನ್ನೋದೂ ಹೀಗೇ ತೀರ್ಮಾನ ಆಗೋದು. ಸಣ್ಣೋರು ಸಾಲಿನ ಕೊನೆಗೆ.

ಸ್ಟಾಕ್ ಮಾಡೋದಕ್ಕೂ ಮಿತಿ ಇದೆ, ಇದು ಪೂರ್ತಿ ಎಂಜಿನಿಯರಿಂಗ್ ವಿಷಯ. ಖಾಲಿ ಪಿಸಿಬಿಗೆ ಒಎಸ್‌ಪಿ ಲೇಪನ ಇದ್ರೆ ಸುಮಾರು ಆರು ತಿಂಗಳಲ್ಲಿ ಬೆಸುಗೆ ಹಿಡಿಯೋದು ಕಷ್ಟ ಆಗತ್ತೆ; ಚಿನ್ನದ ತೆಳು ಲೇಪನದ್ದು ಇನ್ನೂ ಹೆಚ್ಚು ಬಾಳತ್ತೆ, ಬೆಲೆಯೂ ಹೆಚ್ಚು. ತೇವ ಹೀರೋ ಚಿಪ್‌ಗಳಿಗೆ ಎಂಎಸ್‌ಎಲ್ ಅಂತ ಒಂದು ದರ್ಜೆ ಇರತ್ತೆ. ದರ್ಜೆ 3ರ ಚಿಪ್ಪನ್ನ ಸೀಲ್ ಒಡೆದಮೇಲೆ 168 ಗಂಟೆಯೊಳಗೆ ಬೆಸುಗೆ ಹಾಕಬೇಕು, ಇಲ್ಲಾಂದ್ರೆ ಒಲೆಯಲ್ಲಿಟ್ಟು ಒಣಗಿಸಬೇಕು. ಬ್ಯಾಟರಿಯದ್ದು ಬೇರೆ ಕತೆ. "ತಡ ಆದ್ರೆ ವಿಮಾನದಲ್ಲಿ ತರಿಸೋಣ" ಅನ್ನೋ ಧೈರ್ಯ ಲೀಥಿಯಂ ಅಯಾನ್ ಸೆಲ್‌ಗಳಿಗೆ ನಡೆಯಲ್ಲ. ಬಿಡಿ ಸೆಲ್‌ಗಳನ್ನ ಪ್ರಯಾಣಿಕರ ವಿಮಾನದಲ್ಲಿ ಸರಕಾಗಿ ಹಾಕೋ ಹಾಗಿಲ್ಲ, ಕಾರ್ಗೋ ವಿಮಾನದಲ್ಲೂ 30%ಗಿಂತ ಹೆಚ್ಚು ಚಾರ್ಜ್ ಇರಬಾರದು ಅಂತ 2016ರಿಂದ ನಿಯಮ ಇದೆ.

ರಜೆ ಮುಗಿಯದೇ ಹೋದ ವರ್ಷ

2020ರಲ್ಲಿ ಹಬ್ಬ ಜನವರಿ 25. ಜನವರಿ 23ಕ್ಕೆ ವುಹಾನ್ ಲಾಕ್‌ಡೌನ್. ಅಂದ್ರೆ ಕೋಟ್ಯಂತರ ಕಾರ್ಮಿಕರು ಆಗಲೇ ಊರು ಸೇರಿದ್ದರು, ಫ್ಯಾಕ್ಟರಿಗಳು ಖಾಲಿ, ಎಲ್ಲರ ಗೋಡೌನಿನಲ್ಲೂ ಹಬ್ಬಕ್ಕೆಂದು ಲೆಕ್ಕ ಹಾಕಿ ಇಟ್ಟ ಅಷ್ಟೇ ಸ್ಟಾಕ್. ರಜೆಯನ್ನ ಮೊದಲು ಫೆಬ್ರವರಿ 2ರವರೆಗೆ ಮುಂದೂಡಿದರು. ಗುವಾಂಗ್‌ಡಾಂಗ್, ಶಾಂಘೈ ಥರದ ಕಡೆ ಫೆಬ್ರವರಿ 9ರವರೆಗೆ ತೆಗೆಯೋ ಹಾಗಿಲ್ಲ ಅಂದರು. ತೆಗೆದಮೇಲೂ ಜನ ಬರೋಕೆ ದಾರಿಯಿಲ್ಲ, ಬಂದೋರಿಗೆ ಕ್ವಾರಂಟೈನ್. ಮೊದಲು ಬಿದ್ದದ್ದು ಯಾರು ಗೊತ್ತಾ? ಕೊರಿಯಾದ ಹ್ಯುಂಡೈ. ಫೆಬ್ರವರಿ ಮೊದಲ ವಾರದಲ್ಲೇ ಉಲ್ಸಾನ್‌ನ ಕಾರು ಲೈನುಗಳು ನಿಂತವು. ಎಂಜಿನ್ ಇರಲಿಲ್ಲ ಅಂತಲ್ಲ, ಚಿಪ್ ಇರಲಿಲ್ಲ ಅಂತಲೂ ಅಲ್ಲ, ಚೀನಾದಿಂದ ಬರೋ ವೈರ್ ಹಾರ್ನೆಸ್ ಇರಲಿಲ್ಲ. ಕೈಯಲ್ಲಿ ತಂತಿ ಜೋಡಿಸಿ ಟೇಪ್ ಸುತ್ತೋ ಕೆಲಸ, ಪ್ರತಿ ಮಾಡೆಲ್ಲಿಗೂ ಬೇರೆ ಬೇರೆ, ಹಾಗಾಗಿ ಹೆಚ್ಚು ಸ್ಟಾಕ್ ಇಡೋಕೂ ಕಷ್ಟ.

ಮಾರನೇ ವರ್ಷ, 2021ರಲ್ಲಿ, ಕೋವಿಡ್ ಹರಡಬಾರದು ಅಂತ ಸರ್ಕಾರ ಇದ್ದಲ್ಲೇ ಹಬ್ಬ ಮಾಡಿ ಅಂತ ಕಾರ್ಮಿಕರನ್ನ ಒತ್ತಾಯಿಸಿತು. ಎಷ್ಟೋ ಕಡೆ ಉಳಿದೋರಿಗೆ ಹೆಚ್ಚು ದುಡ್ಡು ಕೊಟ್ಟರು. ಫ್ಯಾಕ್ಟರಿಗಳು ಮಾಮೂಲಿಗಿಂತ ಬೇಗ ವೇಗ ಹಿಡಿದವು. ಖರೀದಿ ವಿಭಾಗದೋರಿಗೆ ಅದು ಒಳ್ಳೇ ವರ್ಷ. ಮಗೂನ ನೋಡದೇ ಹಾಸ್ಟೆಲ್ ರೂಮಿನಲ್ಲಿ ಹಬ್ಬ ಕಳೆದೋರಿಗೆ ಏನು ಅನ್ನೋದು ಯಾವ ಲೀಡ್ ಟೈಮ್ ಟೇಬಲ್ಲಿನಲ್ಲೂ ಬರಲ್ಲ.

ಇಲ್ಲಿ ಒಂದು ಮಾತು ಹೇಳಬೇಕು. ಆಪರೇಷನ್ಸ್ ಪುಸ್ತಕಗಳಲ್ಲಿ ಸೇಫ್ಟಿ ಸ್ಟಾಕಿಗೆ ಒಂದು ಸೂತ್ರ ಇರತ್ತೆ, ಸ್ಟ್ಯಾಂಡರ್ಡ್ ಡೀವಿಯೇಷನ್ನು, ಲೀಡ್ ಟೈಮಿನ ವರ್ಗಮೂಲ ಎಲ್ಲಾ ಹಾಕಿ. ಅದು ಯಾವಾಗ ಏನಾಗತ್ತೋ ಗೊತ್ತಿಲ್ಲದ ಏರುಪೇರಿಗೆ ಮಾಡಿರೋ ಸೂತ್ರ. ಹಬ್ಬ ಹಾಗಲ್ಲ, ಇನ್ನು ಐವತ್ತು ವರ್ಷದ ತಾರೀಖೂ ಇವತ್ತೇ ಗೊತ್ತು. ಅದನ್ನ ಕ್ಯಾಲೆಂಡರಿನಲ್ಲೇ ಹಿಡಿಯಬೇಕು, ಸೇಫ್ಟಿ ಸ್ಟಾಕನ್ನ ಹಬ್ಬಕ್ಕೆ ಖರ್ಚು ಮಾಡಿದ್ರೆ 2020ರಂಥದ್ದಕ್ಕೆ ಕೈಯಲ್ಲಿ ಏನೂ ಉಳಿಯಲ್ಲ. ಕಂಪನಿಗಳ ಇಆರ್‌ಪಿ ಸಾಫ್ಟ್‌ವೇರಿನಲ್ಲಿ "ಲೀಡ್ ಟೈಮ್: 53 ದಿನ" ಅಂತ ಒಂದು ಅಂಕಿ ಕೂತಿರತ್ತೆ. ಆ ಸಪ್ಲೈಯರಿಗೆ ಪ್ರತ್ಯೇಕ ರಜಾ ಕ್ಯಾಲೆಂಡರ್ ತುಂಬಿಸದೇ ಇದ್ರೆ, ಅದು ಫೆಬ್ರವರಿ 6ಕ್ಕೂ ಜುಲೈ 6ಕ್ಕೂ ವ್ಯತ್ಯಾಸ ಮಾಡಲ್ಲ. ಕಳೆದ ವರ್ಷದ ತಾರೀಖನ್ನೇ ಕಾಪಿ ಮಾಡೋದು ಇನ್ನೂ ಕೆಟ್ಟದು. 2025ರಿಂದ 2026ಕ್ಕೆ ಹಬ್ಬ 19 ದಿನ ಮುಂದೆ ಹೋಯ್ತು.

ಅನುಭವಸ್ಥರು ಮಾಡೋ ಕೆಲಸ ಹೇಳೋಕೆ ಸರಳ. ಅಕ್ಟೋಬರ್-ನವೆಂಬರಿನಲ್ಲಿ ಪ್ರತಿ ಸಪ್ಲೈಯರನ್ನೂ ಕೇಳ್ತಾರೆ, ಆದರೆ "ರಜೆ ಯಾವಾಗ" ಅಂತಲ್ಲ. ಕೊನೇ ಆರ್ಡರ್ ತಗೊಳೋ ದಿನ ಯಾವುದು, ಕೊನೇ ಮಾಲು ಹೊರಗೆ ಹೋಗೋ ದಿನ ಯಾವುದು, ಲೈನು ಪೂರ್ತಿ ಜನದೊಂದಿಗೆ ಓಡೋ ದಿನ ಯಾವುದು, ಈ ಮೂರು. ಹೊಸ ಡಿಸೈನ್ ಇದ್ರೆ ಸ್ಯಾಂಪಲ್ ನೋಡಿ ಒಪ್ಪಿಗೆ ಕೊಡೋದನ್ನ ಡಿಸೆಂಬರಿನಲ್ಲೇ ಮುಗಿಸ್ತಾರೆ. ಹಬ್ಬದ ಹಿಂದಿನ ವಾರ ಅಥವಾ ತೆಗೆದ ಮೊದಲ ವಾರ ಹೊಸ ಬೋರ್ಡ್ ಓಡಿಸೋಕೆ ಹೋಗಲ್ಲ. ಆ ಎರಡು ವಾರದಲ್ಲಿ ಬಂದ ಮಾಲಿಗೆ ಇಲ್ಲಿ ಇನ್‌ಸ್ಪೆಕ್ಷನ್ ಜಾಸ್ತಿ ಮಾಡ್ತಾರೆ. ಎಲ್ಲಾ ಭಾಗಗಳನ್ನೂ ಸ್ಟಾಕ್ ಮಾಡೋಕೆ ದುಡ್ಡಿಲ್ಲದಿದ್ರೆ, ಬೇರೆ ಕಡೆ ಸಿಗದ ಭಾಗಗಳನ್ನ ಮಾತ್ರ ಆರಿಸ್ತಾರೆ. ಇಲ್ಲೇ ಡಿಸೈನ್ ಮಾಡೋರ ಪಾತ್ರ ಬರೋದು. ಒಂದೇ ಫುಟ್‌ಪ್ರಿಂಟಿಗೆ ಕೂರೋ ಇನ್ನೊಂದು ರೆಗ್ಯುಲೇಟರನ್ನ ಮೊದಲೇ ಟೆಸ್ಟ್ ಮಾಡಿ ಬಿಒಎಂನಲ್ಲಿ ಬರೆದಿಟ್ರೆ, ಫೆಬ್ರವರಿಯಲ್ಲಿ ಅದು ಗೋಡೌನಿನ ಸ್ಟಾಕಿನಷ್ಟೇ ಕೆಲಸ ಮಾಡತ್ತೆ, ಒಂದು ರೂಪಾಯಿ ಕಟ್ಟಿಹಾಕದೆ. ಜಪಾನಿನ ಮುರಾಟಾ ಕೆಪಾಸಿಟರ್, ತೈವಾನಿನ ಯಾಗಿಯೋ ಕೆಪಾಸಿಟರ್ ಎರಡಕ್ಕೂ ಒಪ್ಪಿಗೆ ಇದ್ರೆ ಒಂದು ದೇಶದ ಹಬ್ಬಕ್ಕೆ ಇನ್ನೊಂದು ದೇಶ ಕೆಲಸದಲ್ಲಿರತ್ತೆ.

ನಮ್ಮ ಪ್ರಾಜೆಕ್ಟುಗಳಿಗೆ ಇಷ್ಟೆಲ್ಲ ಬೇಡ. ಶೆನ್ಝೆನ್‌ಗೆ ಕಳಿಸೋ ಬೋರ್ಡ್ ಡಿಸೆಂಬರ್ ಒಳಗೆ ಕಳಿಸಿ, ಮೊದಲ ಬೋರ್ಡಿನಲ್ಲಿ ತಪ್ಪು ಇದ್ದೇ ಇರತ್ತೆ ಅಂತ ಎರಡನೇ ಸಲಕ್ಕೂ ಜಾಗ ಇಟ್ಕೊಳ್ಳಿ. ತಡ ಆಯ್ತು ಅಂದ್ರೆ ಬೆಂಗಳೂರಲ್ಲೇ, ಗುಜರಾತಿನಲ್ಲೇ ಸಣ್ಣ ಸಂಖ್ಯೆಯ ಪಿಸಿಬಿ ಮಾಡಿಕೊಡೋರಿದ್ದಾರೆ, ಬೆಲೆ ಜಾಸ್ತಿ ಅಷ್ಟೇ. ಬಿಡಿ ಚಿಪ್ಪುಗಳಿಗೆ ಡಿಜಿಕೀ, ಮೌಸರ್ ಇವೆ. ಅವರ ದೊಡ್ಡ ಗೋಡೌನುಗಳು ಅಮೆರಿಕದ ಮಿನೆಸೋಟ, ಟೆಕ್ಸಾಸ್‌ನಲ್ಲಿರೋದರಿಂದ ಅಮಾವಾಸ್ಯೆಗೆ ಮುಚ್ಚಲ್ಲ. ಎರಡು ಲೇಯರಿನ ಸರಳ ಬೋರ್ಡಾದ್ರೆ ಲ್ಯಾಬಿನಲ್ಲಿ ಫೆರಿಕ್ ಕ್ಲೋರೈಡ್ ಇದ್ದೇ ಇದೆ, ಅಂಗಿಗೆ ಕಲೆ ಆಗತ್ತೆ ಜೋಪಾನ.

ತಾರೀಖುಗಳು ಹೀಗಿವೆ. 2027ರಲ್ಲಿ ಫೆಬ್ರವರಿ 6, ಶನಿವಾರ. 2028ರಲ್ಲಿ ಜನವರಿ 26, ಬುಧವಾರ, ನಾವಿಲ್ಲಿ ಗಣರಾಜ್ಯೋತ್ಸವದ ಬಾವುಟ ಹಾರಿಸ್ತಿರ್ತೀವಿ. ಹಬ್ಬ ಅಷ್ಟು ಬೇಗ ಬರೋದರಿಂದ ಆ ವರ್ಷ ಆರ್ಡರನ್ನ ನವೆಂಬರಿಗೇ ಎಳೀಬೇಕು. ನಮ್ಮ ಬ್ಯಾಚ್ ಫೈನಲ್ ಇಯರಿನಲ್ಲಿರೋದು 2029ಕ್ಕೆ, ಆಗ ಫೆಬ್ರವರಿ 13, ಮಂಗಳವಾರ.